ಬಾಣ ತಪ್ಪು ಜಾಗಕ್ಕೆ ಬಿದ್ದಿದೆ

ಮಾನ್ಯ ಸಂಪಾದಕರೇ,

ಕಳೆದ ವಾರದ ಆರೋಗ್ಯ ಪುರವಣಿಯಲ್ಲಿ ಬಸಿರಿನ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು. ಆದರೆ ಅದರ ಚಿತ್ರ ತಪ್ಪಾಗಿದೆ. ಅಂಡಾಣು, ವೀರ್ಯಾಣು ಕೂಡುವ ಜಾಗವೆಂದು ಗರ್ಭಕೋಶದ ನಟ್ಟನಡುವೆ ಬಾಣ ಬಿಟ್ಟಿದ್ದೀರಿ. ಅವು ಕೂಡುವುದು ಅಂಡಾಶಯದ ಕಡೆಯಿಂದ ಗರ್ಭಕೋಶಕ್ಕೆ ಬರುವ ಗರ್ಭನಾಳದಲ್ಲಿ. ಅದರಲ್ಲೂ ಅಂಡಾಶಯದ ಕಡೆಗೆ ನಾಳ ಅಗಲವಾಗುತ್ತದಲ್ಲ, ಆ ಭಾಗದಲ್ಲಿ.

ಇಷ್ಟಕ್ಕೇ ಕಾಗದ ಬರೆಯಬೇಕಿತ್ತೇ ಎನ್ನಬೇಡಿ. ಹಳ್ಳಿಯ ಆರೋಗ್ಯ ಉಪಕೇಂದ್ರಗಳಲ್ಲಿ 31 ವರ್ಷ ಎ.ಎನ್.ಎಂ., ಅಂದರೆ ಬಸಿರು ಬಾಣಂತನ ನೋಡುವ ದಾದಿ, ಆಗಿದ್ದವಳು ನಾನು. 2011ರ ಮಳೆಗಾಲದಲ್ಲಿ ಒಬ್ಬ ಹುಡುಗಿ ಮುಟ್ಟು ನಿಂತು ತಿಂಗಳ ಮೇಲಾಯಿತೆಂದು ಬಂದಳು. ಮೂತ್ರದ ಕಾರ್ಡಿನಲ್ಲಿ ಎರಡು ಗೆರೆ ಮೂಡಿತು. ಅವಳ ಅತ್ತೆ ಸಕ್ಕರೆ ತಂದು ನನ್ನ ಬಾಯಿಗೂ ಹಾಕಿದರು. ಹತ್ತು ದಿನಕ್ಕೆ ಅವಳಿಗೆ ಕಿಬ್ಬೊಟ್ಟೆಯ ಒಂದೇ ಬದಿಗೆ ನೋವು, ಸ್ವಲ್ಪ ಸ್ವಲ್ಪ ರಕ್ತ. ಮನೆಯವರು ವಾಯು ಎಂದು ಓಂಕಾಳು ಕೊಟ್ಟಿದ್ದರು. ನಾನು ಹೋದಾಗ 'ಅಕ್ಕಾರ, ಭುಜ ಸೆಳಿಯಾಕತ್ತೈತ್ರಿ' ಎಂದಳು. ರೆಪ್ಪೆ ಬಿಡಿಸಿ ನೋಡಿದರೆ ಕಣ್ಣು ಬಿಳುಚಿತ್ತು. ಹಾಲಿನ ಟೆಂಪೋದಲ್ಲಿ ಮಲಗಿಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಹೋದೆವು. ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿತ್ತು. ಒಂದು ನಾಳ ತೆಗೆದರು, ಜೀವ ಉಳಿಯಿತು.

ಆಮೇಲೆ ಆ ಅತ್ತೆ ಕೇಳಿದ್ದು ಒಂದೇ ಮಾತು: 'ಕೂಸು ಗರ್ಭಚೀಲ ಬಿಟ್ಟು ಅಲ್ಲ್ಯಾಕ ಹೋತ್ರಿ? ಇಕಿ ಏನರ ಭಾರ ಎತ್ತಿದಳೇನು?'

ಅದು ಅಲ್ಲಿಗೆ ಹೋದದ್ದಲ್ಲ, ಅಲ್ಲಿಂದ ಕೆಳಗೆ ಬರಲಿಲ್ಲ ಅಷ್ಟೆ. ನಾನು, ನೀವು, ಆ ಅತ್ತೆ ಎಲ್ಲರೂ ಮೊದಲು ನಾಳದಲ್ಲೇ ಇದ್ದವರು. ಅಂಡಾಣುವಿನ ಆಯಸ್ಸು ಹೆಚ್ಚೆಂದರೆ ಒಂದು ದಿನ. ಅರ್ಧ ಗೇಣಿನ ನಾಳ ದಾಟಲು 3-4 ದಿನ ಬೇಕು. ಗರ್ಭಕೋಶಕ್ಕೆ ಬಂದೇ ವೀರ್ಯಾಣುವನ್ನು ಕೂಡಬೇಕೆಂದರೆ ಅಷ್ಟರಲ್ಲಿ ಅದು ಸತ್ತೇ ಹೋಗಿರುತ್ತದೆ. ಅದಕ್ಕೇ ವೀರ್ಯಾಣುಗಳು ಮೇಲೇರಿ ನಾಳಕ್ಕೆ ಹೋಗುವುದು. ಕೂಡಿದ ಮೇಲೆ ಭ್ರೂಣ ಕೆಳಗಿಳಿದು, ಸುಮಾರು ಒಂದು ವಾರಕ್ಕೆ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ. ಹಿಂದೆ ಸೋಂಕಾಗಿ ನಾಳಕ್ಕೆ ಪೆಟ್ಟು ಬಿದ್ದಿದ್ದರೆ ದಾರಿಯಲ್ಲೇ ಸಿಕ್ಕಿಕೊಳ್ಳಬಹುದು. ಕೊಡ ಹೊತ್ತದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾರ್ಡಿನ ಎರಡು ಗೆರೆ ಬಸಿರಿದೆ ಎನ್ನುತ್ತದೆಯೇ ಹೊರತು ಎಲ್ಲಿದೆ ಎಂದು ಹೇಳುವುದಿಲ್ಲ.

1978ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್‌ಳ ತಾಯಿಗೂ ನಾಳಗಳೇ ಮುಚ್ಚಿದ್ದವು. ನಾಳದಲ್ಲಿ ಆಗಬೇಕಾದ್ದನ್ನು ವೈದ್ಯರು ಗಾಜಿನ ತಟ್ಟೆಯಲ್ಲಿ ಮಾಡಿಸಿ ಗರ್ಭಕೋಶಕ್ಕೆ ಬಿಟ್ಟರು.

ಕುಟುಂಬ ಯೋಜನೆ ಆಪರೇಷನ್ನಿಗೆ ಹೆಂಗಸರನ್ನು ಒಪ್ಪಿಸುವಾಗಲೂ ಇದೇ ಪಾಡು. 'ಚೀಲ ತಗೀತಾರ, ಮುಟ್ಟು ನಿಲ್ತೈತಿ' ಎಂಬ ಹೆದರಿಕೆ. ಕಟ್ಟುವುದು ನಾಳವನ್ನು, ಚೀಲ ಇದ್ದಲ್ಲೇ ಇರುತ್ತದೆ ಎನ್ನಲು ಅಂಗನವಾಡಿಯ ಸ್ಲೇಟಿನ ಮೇಲೆ ಎಷ್ಟು ಸಲ ಬಳಪ ಸವೆಸಿದ್ದೇನೋ.

ಆ ಅಂಗನವಾಡಿಯ ಗೋಡೆಯಲ್ಲಿ ಈಗ ನಿಮ್ಮ ಪುರವಣಿಯ ಚಿತ್ರ ಅಂಟಿಸಿದ್ದಾರೆ. ನಿನ್ನೆ ಹೋಗಿ ಕೆಂಪು ಪೆನ್ನಿನಿಂದ ಬಾಣ ತಿದ್ದಿ ಬಂದೆ. ಉಳಿದ ಊರುಗಳ ಗೋಡೆಗೆ ನನಗೆ ಹೋಗಲಾಗದು, ದಯವಿಟ್ಟು ನೀವೇ ಸರಿಯಾದ ಚಿತ್ರ ಹಾಕಿ.

– ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಹಿರೇಕೆರೂರು