ಬಟ್ಟಲಲ್ಲಿ ಗೆದ್ದದ್ದೆಲ್ಲ ಮದ್ದಲ್ಲ

ಮಾನ್ಯರೇ,

‘ನಮ್ಮೂರ ಗಿಡದಲ್ಲಿ ಕ್ಯಾನ್ಸರ್‌ಗೆ ಮದ್ದು’ ಎಂಬಂಥ ಸುದ್ದಿ ಕರಾವಳಿಯ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಸುದ್ದಿ ಸುಳ್ಳಿರಲಿಕ್ಕಿಲ್ಲ; ಅದು ಯಾವ ಹಂತದ ಫಲಿತಾಂಶ ಎಂಬುದು ಮಾತ್ರ ಬಿಟ್ಟುಹೋಗಿರುತ್ತದೆ. ಮನುಷ್ಯರ ಮೇಲಿನ ಪ್ರಯೋಗದವರೆಗೆ ಬಂದ ಔಷಧಗಳಲ್ಲೇ ಹತ್ತರಲ್ಲಿ ಸುಮಾರು ಒಂಬತ್ತು ಮಾರುಕಟ್ಟೆ ಮುಟ್ಟುವುದಿಲ್ಲ.

ಗಾಜಿನ ಬಟ್ಟಲಲ್ಲಿ ಕ್ಯಾನ್ಸರ್ ಕೋಶ ಕೊಲ್ಲುವುದು ದೊಡ್ಡ ಸಂಗತಿಯೇನಲ್ಲ, ಬ್ಲೀಚಿಂಗ್ ಪುಡಿಯೂ ಕೊಲ್ಲುತ್ತದೆ. ಮದ್ದಾಗಬೇಕಾದರೆ ಅಷ್ಟೇ ಪ್ರಮಾಣ ರಕ್ತದಲ್ಲಿ ನಿಲ್ಲಬೇಕು, ನಿಂತರೂ ಉಳಿದ ಅಂಗಗಳು ಕೆಡಬಾರದು. ಅರಶಿನದ ಕರ್ಕ್ಯುಮಿನ್ ಎಡವಿದ್ದು ಇಲ್ಲೇ: ಗ್ರಾಂಗಟ್ಟಲೆ ನುಂಗಿದರೂ ಕರುಳು, ಯಕೃತ್ತಿನಲ್ಲೇ ರೂಪ ಬದಲಾಗಿ ಹೊರಹೋಗುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ.

ಮನುಷ್ಯರಲ್ಲಿ ಮೊದಲ ಹಂತದ ಪ್ರಯೋಗ 20ರಿಂದ 100 ಮಂದಿಯಲ್ಲಿ, ಹೆಚ್ಚಾಗಿ ಆರೋಗ್ಯವಂತರಲ್ಲಿ. ಅಲ್ಲಿ ನೋಡುವುದು ಸುರಕ್ಷತೆ ಮತ್ತು ಡೋಸ್. ಕೆಲವು ನೂರು ರೋಗಿಗಳಿರುವ ಎರಡನೆಯ ಹಂತದಲ್ಲೇ ಅತಿ ಹೆಚ್ಚು ಔಷಧಗಳು ಬೀಳುತ್ತವೆ. ವಿಷವಾದವು ಇವೆ, ಆದರೆ ಕೆಲಸವನ್ನೇ ಮಾಡದವು ಅದಕ್ಕಿಂತ ಹೆಚ್ಚು. ಇಲಿಯಲ್ಲಿ ಫಲಿಸಿದ್ದು ಮನುಷ್ಯರಲ್ಲಿ ಫಲಿಸಬೇಕೆಂದಿಲ್ಲ; ಇಲಿಗೆ ನಾವೇ ಬರಿಸಿದ ಕಾಯಿಲೆಯೂ ಮನುಷ್ಯನಿಗೆ ವರ್ಷಗಟ್ಟಲೆ ಬೆಳೆದ ಕಾಯಿಲೆಯೂ ಒಂದೇ ಅಲ್ಲವಲ್ಲ.

ಮೂರನೆಯ ಹಂತಕ್ಕೆ ಬಂದರೂ ಭರವಸೆಯಿಲ್ಲ. ಫೈಜರ್ ಕಂಪನಿಯ ಟಾರ್ಸೆಟ್ರಾಪಿಬ್ ‘ಒಳ್ಳೆಯ ಕೊಲೆಸ್ಟ್ರಾಲ್’ ಅನ್ನು ಶೇ 72ರಷ್ಟು ಏರಿಸಿತು. ಸುಮಾರು 15 ಸಾವಿರ ಜನರ ಪ್ರಯೋಗದಲ್ಲಿ ಆ ಮಾತ್ರೆ ತೆಗೆದುಕೊಂಡವರಲ್ಲೇ ಸಾವು ಹೆಚ್ಚು ಕಂಡದ್ದರಿಂದ 2006ರ ಡಿಸೆಂಬರ್‌ನಲ್ಲಿ ಎಲ್ಲವನ್ನೂ ನಿಲ್ಲಿಸಬೇಕಾಯಿತು, ರಕ್ತದೊತ್ತಡವೂ ಏರಿತ್ತು. ರಿಪೋರ್ಟ್ ಸುಧಾರಿಸಿತು, ರೋಗಿ ಸುಧಾರಿಸಲಿಲ್ಲ.

ನಮ್ಮ ಹಿತ್ತಿಲ ನೆಲನೆಲ್ಲಿಯದೂ ಇಂಥದೇ ಕತೆ. ಹೆಪಟೈಟಿಸ್ ಬಿ ವೈರಸ್ ಇದ್ದ 37 ಮಂದಿಗೆ ಅದನ್ನು ಕೊಟ್ಟಾಗ 22 ಮಂದಿಯ ರಕ್ತದಲ್ಲಿ ವೈರಸ್‌ನ ಗುರುತು ಮಾಯವಾಯಿತೆಂದು 1988ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿತು. ಆಮೇಲೆ ಬೇರೆಡೆ ಮಾಡಿದ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. (ಸಾಮಾನ್ಯ ಹೆಪಟೈಟಿಸ್ ಎ ಕಾಮಾಲೆ ಬಹುಪಾಲು ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಕೊನೆಗೆ ಕುಡಿದ ಮದ್ದಿಗೆ.)

ಮಣಿಪಾಲ, ದೇರಳಕಟ್ಟೆಗಳ ಸುತ್ತ ಸಂಶೋಧನೆಗೆ ಕೊರತೆಯಿಲ್ಲ, ಸುದ್ದಿ ಬರಲಿ. ಆದರೆ ಪರೀಕ್ಷೆ ಕೋಶದಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ, ಎಷ್ಟು ಮಂದಿಯಲ್ಲಿ, ಹೋಲಿಕೆಗೆ ಇನ್ನೊಂದು ಗುಂಪಿತ್ತೋ ಎಂದು ವರದಿಗಾರರು ಕೇಳಿ ಬರೆಯಲಿ. ಮನುಷ್ಯರಲ್ಲಿ ನಡೆದಿದ್ದರೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ದಾಖಲೆ) ನೋಂದಣಿ ಸಂಖ್ಯೆ ಇರುತ್ತದೆ. ಅದನ್ನೂ ಅಚ್ಚು ಹಾಕಿದರೆ ಓದುಗರೇ ಜಾಲತಾಣದಲ್ಲಿ ತೆರೆದು ನೋಡಬಹುದು.

– ಇಬ್ಬರು ಔಷಧಶಾಸ್ತ್ರ ಉಪನ್ಯಾಸಕರು, ಉಡುಪಿ