ಮಾಸಿನ ಸುದ್ದಿಯನ್ನು ಅರ್ಧಕ್ಕೇ ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಎಚ್‌ಐವಿ ಮಾತ್ರೆಯಿಂದ ಗರ್ಭಿಣಿಯರ ಮಾಸಿಗೆ (ಪ್ಲಾಸೆಂಟಾ) ಹಾನಿ ಎಂಬ ಸುದ್ದಿ ಓದಿದೆ. ಸುದ್ದಿ ಪೂರ್ತಿ ಸುಳ್ಳೇನಲ್ಲ. ಆದರೆ ಯಾವ ಮಾತ್ರೆ, ಎಷ್ಟನೇ ತಿಂಗಳಿಂದ ತಗೊಂಡದ್ದು, ಯಾರ ಜೊತೆ ಹೋಲಿಸಿ ನೋಡಿದ್ದು, ಇದೊಂದೂ ಅದರಲ್ಲಿಲ್ಲ. ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್. ಇಂಥ ತಲೆಬರಹ ನೋಡಿ, ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುವ ಹೆಂಗಸರನ್ನು ಕಂಡವಳು. ಅದಕ್ಕೇ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಪ್ರಕಟಿಸಿ.

ಮಗು ಹೊರಗೆ ಬಂದ ಕೂಡಲೇ ಎಲ್ಲರ ಕಣ್ಣೂ ಮಗುವಿನ ಮೇಲೆ. ಮಾಸನ್ನು ನೋಡುವವರು ನಾವು. ಟ್ರೇಯಲ್ಲಿ ಹರಡಿ, ಹೆಪ್ಪುಗಟ್ಟಿದ ರಕ್ತ ಒರೆಸಿ, ಗರ್ಭಕೋಶಕ್ಕೆ ಅಂಟಿದ್ದ ಬದಿಯನ್ನು ಮೇಲೆ ಮಾಡುತ್ತೇವೆ. ಗುಪ್ಪೆ ಗುಪ್ಪೆಯಾಗಿ ಕಾಣುವ ಭಾಗಗಳು ಒಂದಕ್ಕೊಂದು ಕೂಡುತ್ತವೆಯೇ, ಒಂದು ಚೂರು ಒಳಗೇ ಉಳಿದುಬಿಟ್ಟಿದೆಯೇ ಅಂತ ನೋಡುತ್ತೇವೆ. ಆಮೇಲೆ ಬೆರಳಿನಿಂದ ಒತ್ತುತ್ತಾ ಹೋಗುತ್ತೇವೆ. ದಿನ ತುಂಬಿದ ಒಳ್ಳೆಯ ಮಾಸು ಕಡುಗೆಂಪಾಗಿ, ಮೆತ್ತಗೆ, ಹೆಚ್ಚುಕಡಿಮೆ ಅರ್ಧ ಕಿಲೋ ತೂಗುತ್ತದೆ. ರಕ್ತ ಹರಿಯದೆ ಸತ್ತುಹೋದ ಜಾಗ ಬಿಳಿಚಿಕೊಂಡು ಗಟ್ಟಿಯಾಗಿರುತ್ತದೆ. ಅದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ.

ಒಮ್ಮೆ ಒಬ್ಬ ತಾಯಿ ಮಲಗಿದ್ದಲ್ಲಿಂದಲೇ ಕೇಳಿದಳು, "ಸಿಸ್ಟರ್, ನನ್ನ ಮಾತ್ರೆ ಇದಕ್ಕೇನಾದ್ರೂ ಮಾಡಿದ್ಯಾ? ನಂಗೂ ತೋರಿಸಿ." ಮದುವೆಗೆ ಮುಂಚಿನಿಂದಲೂ ಮಾತ್ರೆ ನುಂಗುತ್ತಿದ್ದವಳು. ಬಸುರಿನ ಅಷ್ಟೂ ತಿಂಗಳು ಈ ಒಂದು ಪ್ರಶ್ನೆ ಇಟ್ಟುಕೊಂಡೇ ಇದ್ದಳಂತೆ. ಟ್ರೇ ಹತ್ತಿರ ತಂದು ತೋರಿಸಿದೆ. ಅಂಚಿನಲ್ಲಿ ಒಂದು ಸಣ್ಣ ಗಟ್ಟಿ ಜಾಗ ಇತ್ತು. ಇಂಥದ್ದು ಯಾವ ಕಾಯಿಲೆಯೂ ಇಲ್ಲದವರ ಮಾಸಿನಲ್ಲೂ ಸಿಗುತ್ತದೆ ಅಂತ ಹೇಳಿದೆ. ಅದು ನಿಜವೇ. ಆದರೆ ಅವಳು ಕೇಳಿದ ಪ್ರಶ್ನೆಗೆ ಅಷ್ಟು ಉತ್ತರ ಸಾಲದು, ಅಲ್ವಾ? ಒಳಗಿನ ಎಳೆಗಳಲ್ಲಿ ಏನಾಗಿದೆ ಅಂತ ತಿಳಿಯಲು ಸೂಕ್ಷ್ಮದರ್ಶಕದ ಕೆಳಗೇ ಇಟ್ಟು ನೋಡಬೇಕು.

ನೋಡಿದವರು ಏನು ಕಂಡಿದ್ದಾರೆ ಅನ್ನುವುದನ್ನು ನಿಮ್ಮ ಓದುಗರಿಗೆ ಹೇಳಬೇಕು. ಬಸುರಿನ ಮೊದಲರ್ಧದಲ್ಲಿ ಗರ್ಭಕೋಶದ ಸುರುಳಿ ರಕ್ತನಾಳಗಳು ಅಗಲವಾಗಬೇಕು. ಆಗಷ್ಟೇ ಮಾಸಿಗೆ ಸಾಕಷ್ಟು ರಕ್ತ ಸಿಗುವುದು. ಅದು ಸರಿಯಾಗಿ ಆಗದಿದ್ದರೆ ಮಾಸು ಚಿಕ್ಕದಾಗುತ್ತದೆ, ಅಲ್ಲಲ್ಲಿ ಸಾಯುತ್ತದೆ, ಮಗು ಬೆಳೆಯುವುದು ಕಡಿಮೆಯಾಗುತ್ತದೆ. ಕೆಲವು ತಾಯಂದಿರಿಗೆ ಬಿಪಿ ಏರುತ್ತದೆ. ಎಚ್‌ಐವಿಗೆ ಕೊಡುತ್ತಿದ್ದ ಹಳೆಯ ಮದ್ದುಗಳಲ್ಲಿ ಲೋಪಿನಾವಿರ್, ರಿಟೊನಾವಿರ್ ಥರದವು ಬಸುರು ನಿಲ್ಲಲು ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನನ್ನು ತಗ್ಗಿಸುತ್ತವೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಇಲಿಗಳಲ್ಲಿ ಮರಿ ಸಣ್ಣದಾಗಿದೆ. ಇವನ್ನು ತಗೊಂಡ ಹೆಂಗಸರಲ್ಲೂ ಪ್ರೊಜೆಸ್ಟರಾನ್ ಕಡಿಮೆ ಇದ್ದಾಗ ಮಗುವಿನ ತೂಕ ಕಡಿಮೆ ಇದ್ದದ್ದುಂಟು. ಇನ್ನು ಜಿಡೊವುಡಿನ್ ಎಂಬ ಇನ್ನೊಂದು ಹಳೆಯ ಮದ್ದು. ಅದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಕ್ಕೆ ತೊಂದರೆ ಕೊಡಬಲ್ಲದು. ಮಾಸಿನಲ್ಲಿ ಅದರ ಗುರುತು ಕೆಲವು ಅಧ್ಯಯನಗಳಿಗೆ ಸಿಕ್ಕಿದೆ, ಕೆಲವಕ್ಕೆ ಸಿಕ್ಕಿಲ್ಲ.

2016ರಲ್ಲಿ ಪ್ರಕಟವಾದ ಪ್ರಾಮಿಸ್ ಎಂಬ ದೊಡ್ಡ ಅಧ್ಯಯನ ಇದನ್ನು ಹೆರಿಗೆಯ ಲೆಕ್ಕದಲ್ಲಿ ತೋರಿಸಿತು. ಜಿಡೊವುಡಿನ್ ಮುಖ್ಯವಾಗಿ ಕೊಟ್ಟ ತಾಯಂದಿರಿಗೂ, ಅದರ ಜೊತೆ ಲೋಪಿನಾವಿರ್ ಸೇರಿದ ಮೂರು ಮದ್ದುಗಳ ಜೋಡಣೆ ತಗೊಂಡವರಿಗೂ ಹೋಲಿಕೆ ಮಾಡಿದರು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಕ್ಕಳು ಮೊದಲ ಗುಂಪಿನಲ್ಲಿ 100ಕ್ಕೆ 12, ಎರಡನೆಯದರಲ್ಲಿ 23. ಇದನ್ನು ಮುಚ್ಚಿಡುವುದು ತಪ್ಪು. ನಿಮ್ಮ ಸುದ್ದಿ ಹೇಳಿದ್ದು ಈ ಥರದ ವಿಷಯವನ್ನೇ ಇರಬೇಕು. ಆದರೆ ಅದೇ ಅಧ್ಯಯನದಲ್ಲಿ ಮಗುವಿಗೆ ಎಚ್‌ಐವಿ ದಾಟಿದ್ದು ಮೊದಲ ಗುಂಪಿನಲ್ಲಿ 100ಕ್ಕೆ 1.8, ಮೂರು ಮದ್ದುಗಳನ್ನು ತಗೊಂಡವರಲ್ಲಿ 0.5. ಈ ಎರಡು ಲೆಕ್ಕಗಳನ್ನು ಬೇರೆ ಬೇರೆ ಮಾಡಿ ಹೇಳಿದರೆ ಓದುವವಳಿಗೆ ಮೋಸವಾಗುತ್ತದೆ.

ಮಾತ್ರೆಯೇ ಇಲ್ಲದ ಕಾಲ ಹೇಗಿತ್ತು? 1994ರಲ್ಲಿ ಜಿಡೊವುಡಿನ್ ಒಂದನ್ನೇ ಕೊಟ್ಟು ನೋಡಿದ ಅಧ್ಯಯನದಲ್ಲಿ, ಮದ್ದು ಸಿಗದ ತಾಯಂದಿರ ಮಕ್ಕಳಲ್ಲಿ 100ಕ್ಕೆ 25ಕ್ಕಿಂತ ಜಾಸ್ತಿ ಮಕ್ಕಳಿಗೆ ಎಚ್‌ಐವಿ ಬಂದಿತ್ತು. ಮದ್ದು ಸಿಕ್ಕವರಲ್ಲಿ ಅದು ಸುಮಾರು 8ಕ್ಕೆ ಇಳಿಯಿತು. ಎದೆಹಾಲಿನ ತಿಂಗಳುಗಳನ್ನೂ ಸೇರಿಸಿದರೆ, ಏನೂ ಮಾಡದೇ ಇದ್ದಾಗ ಈ ಸಂಖ್ಯೆ 45ರವರೆಗೂ ಹೋಗಬಹುದು. ಇವತ್ತು ಬಸುರಿಗೆ ಮುಂಚೆಯೇ ಮಾತ್ರೆ ಶುರು ಮಾಡಿ, ಹೆರಿಗೆಯ ಹೊತ್ತಿಗೆ ರಕ್ತದಲ್ಲಿ ವೈರಸ್ ಲೆಕ್ಕಕ್ಕೆ ಸಿಗದಷ್ಟು ಇಳಿದಿದ್ದರೆ, ಗರ್ಭದಲ್ಲಿ ಮತ್ತು ಹೆರಿಗೆಯಲ್ಲಿ ಮಗುವಿಗೆ ದಾಟುವ ಸಾಧ್ಯತೆ 100ಕ್ಕೆ ಒಂದಕ್ಕಿಂತ ಕಡಿಮೆ. ಮಾತ್ರೆ ಬಿಟ್ಟರೆ ಮಾಸು ಉಳಿಯುತ್ತದೆ ಅಂದುಕೊಳ್ಳುವುದೂ ತಪ್ಪು. ಹತೋಟಿಯಲ್ಲಿಲ್ಲದ ಎಚ್‌ಐವಿಯಿಂದಲೇ ತೂಕ ಕಡಿಮೆಯಾಗುವುದು, ದಿನಕ್ಕೆ ಮುಂಚೆ ಹೆರಿಗೆಯಾಗುವುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವುದು ಹೆಚ್ಚುತ್ತದೆ. ಮಾಸಿನ ಪೊರೆ ಸೋಂಕಿನಿಂದ ಊದಿಕೊಂಡರೆ ವೈರಸ್ ದಾಟುವುದು ಇನ್ನೂ ಸಲೀಸು.

ಇಷ್ಟೆಲ್ಲದರ ನಡುವೆ ನನಗೆ ಯಾವಾಗಲೂ ಮನಸ್ಸು ತುಂಬಿಬರುವ ಸಂಗತಿ ಒಂದಿದೆ. ಮದ್ದೇ ಇಲ್ಲದಿದ್ದಾಗಲೂ ಹೆಚ್ಚಿನ ಮಕ್ಕಳಿಗೆ ಹೊಟ್ಟೆಯಲ್ಲಿರುವಾಗ ಎಚ್‌ಐವಿ ತಗಲುವುದಿಲ್ಲ. ಅಷ್ಟು ತಿಂಗಳು ಅದನ್ನು ತಡೆದು ನಿಲ್ಲಿಸುವುದು ಇದೇ ಮಾಸು. ಬಕೆಟ್ಟಿಗೆ ಹೋಗುವ ಈ ಅರ್ಧ ಕಿಲೋ ಮಾಂಸಕ್ಕೆ ನಾವು ಕೊಡಬೇಕಾದ ಗಮನ ಕೊಟ್ಟಿಲ್ಲ ಅನ್ನಿಸುತ್ತದೆ.

ಮದ್ದುಗಳು ಈಗ ಬದಲಾಗಿವೆ. ಡೊಲುಟೆಗ್ರಾವಿರ್ ಎಂಬ ಹೊಸ ಎಚ್‌ಐವಿ ಮದ್ದಿನ ವಿಷಯವನ್ನೇ ನೋಡಿ. 2018ರಲ್ಲಿ ಆಫ್ರಿಕಾದ ಬೋಟ್ಸ್ವಾನಾದಿಂದ ಒಂದು ಎಚ್ಚರಿಕೆ ಬಂತು. ಬಸುರಿಗೆ ಮುಂಚಿನಿಂದ ಅದನ್ನು ತಗೊಂಡಿದ್ದವರ 426 ಹೆರಿಗೆಗಳಲ್ಲಿ 4 ಮಕ್ಕಳಿಗೆ ಮಿದುಳು ಅಥವಾ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಂಡಿರಲಿಲ್ಲ. ಎಷ್ಟೋ ಕಡೆ ಹೆಂಗಸರಿಗೆ ಆ ಮದ್ದೇ ಬೇಡ ಅಂದರು. ಆದರೆ ಅಲ್ಲಿನವರು ಎಣಿಸುವುದನ್ನು ನಿಲ್ಲಿಸಲಿಲ್ಲ. ಬೇರೆ ಮದ್ದು ತಗೊಂಡವರಿಗೂ ಇವರಿಗೂ ಕಂಡಿದ್ದ ವ್ಯತ್ಯಾಸ ಸಾವಿರಗಟ್ಟಲೆ ಹೆರಿಗೆಗಳಾಗುತ್ತಾ ತಗ್ಗಿ, ಕೊನೆಗೆ ಕರಗಿಹೋಯಿತು. ಅದು ತಗ್ಗುತ್ತಿದ್ದಾಗಲೇ, 2019ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರಿಗೂ ಅದನ್ನೇ ಮೊದಲ ಆಯ್ಕೆ ಎಂದಿತು. 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 9 ದೇಶಗಳ 643 ಗರ್ಭಿಣಿಯರನ್ನು ಹಿಂಬಾಲಿಸಿತು. ದಿನಕ್ಕೆ ಮುಂಚಿನ ಹೆರಿಗೆ, ಸಣ್ಣ ಮಗು, ಹೊಟ್ಟೆಯಲ್ಲೇ ಸಾವು ಇಂಥವೆಲ್ಲ ಸೇರಿ ಡೊಲುಟೆಗ್ರಾವಿರ್ ಜೊತೆ ಟೆನೊಫೊವಿರ್ ಎಂಬ ಇನ್ನೊಂದು ಮದ್ದಿನ ಹೊಸ ರೂಪ ತಗೊಂಡವರಲ್ಲಿ 100ಕ್ಕೆ 24, ಅದರ ಹಳೆಯ ರೂಪ ತಗೊಂಡ ಉಳಿದ ಎರಡೂ ಗುಂಪುಗಳಲ್ಲಿ 33. ಒಂದೇ ಕಾಯಿಲೆ. ಜೋಡಣೆ ಬದಲಾದರೆ ಫಲವೂ ಬದಲಾಗುತ್ತದೆ. ಹಾಗಿರುವಾಗ 'ಎಚ್‌ಐವಿ ಮಾತ್ರೆ' ಅಂತ ಎಲ್ಲವನ್ನೂ ಒಟ್ಟಿಗೆ ಕಟ್ಟಿ ಬರೆದರೆ ಹೇಗೆ?

ಡೊಲುಟೆಗ್ರಾವಿರ್ ಮಾಸನ್ನು ದಾಟಿ ಮಗುವಿನ ರಕ್ತಕ್ಕೂ ಚೆನ್ನಾಗಿ ಹೋಗುತ್ತದೆ. ಇದನ್ನು ಕೇಳಿ ತಾಯಂದಿರು ಹೆದರುತ್ತಾರೆ. ಹುಟ್ಟುವ ಹೊತ್ತಿನಲ್ಲಿ ಮಗುವಿಗೆ ಅದೇ ರಕ್ಷಣೆ ಅಂತ ವಿವರಿಸಿ ಹೇಳಿದರೆ ಮುಖ ತಿಳಿಯಾಗುತ್ತದೆ. ವಿವರಿಸಲು ಯಾರಾದರೂ ಒಬ್ಬರು ಐದು ನಿಮಿಷ ಕೂರಬೇಕು, ಅಷ್ಟೇ.

ನನ್ನ ಸಿಟ್ಟು ಬೇರೆ ಕಡೆ ಇದೆ. ಹೊಸ ಮದ್ದಿನ ಪರೀಕ್ಷೆಯಲ್ಲಿ ಹೆಂಗಸು ಬಸುರಾದರೆ ಸಾಮಾನ್ಯವಾಗಿ ಅವಳನ್ನು ಹೊರಗೆ ಕಳಿಸುತ್ತಾರೆ. ಬಸುರಿನಲ್ಲಿ ತಗೊಂಡ ಮಾತ್ರೆಯಿಂದ ಸಾವಿರಾರು ಮಕ್ಕಳು ಕೈಕಾಲು ಊನವಾಗಿ ಹುಟ್ಟಿದ ಥಾಲಿಡೊಮೈಡ್ ದುರಂತದ ನೆನಪು ಅದಕ್ಕೆ ಕಾರಣ, ಅದು ನನಗೆ ಅರ್ಥವಾಗುತ್ತದೆ. ಆದರೆ ಮದ್ದು ಮಾರುಕಟ್ಟೆಗೆ ಬಂದ ಮೇಲೆ ಅದನ್ನು ನುಂಗುವವರಲ್ಲಿ ಗರ್ಭಿಣಿಯರೂ ಇರುತ್ತಾರೆ. ಪ್ರಪಂಚದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಜಾಸ್ತಿ ಎಚ್‌ಐವಿ ಇರುವ ಹೆಂಗಸರು ಬಸುರಾಗುತ್ತಾರೆ. ಮಾಸಿನ ಮೇಲೆ ಏನಾಗುತ್ತದೆ ಅಂತ ಅವರಿಗೆ ವರ್ಷಗಳಾದ ಮೇಲೆ ತಿಳಿಯುತ್ತದೆ. ಇದು ನ್ಯಾಯವಲ್ಲ.

ನಿಮ್ಮ ಪತ್ರಿಕೆ ಓದುವ ಗರ್ಭಿಣಿಯರಿಗೆ ನನ್ನ ಮಾತು ಇಷ್ಟು. ನಿಮ್ಮ ಮಾತ್ರೆಯ ಹೆಸರು ತಿಳಿದುಕೊಳ್ಳಿ. ಅನುಮಾನ ಬಂದರೆ ಡಾಕ್ಟರನ್ನು ಕೇಳಿ, ಬೇರೆ ಜೋಡಣೆ ಆಗುತ್ತದೆಯಾ ಅಂತಲೂ ಕೇಳಿ. ಅವರು ಹೇಳುವವರೆಗೆ ಒಂದು ದಿನವೂ ತಪ್ಪಿಸಬೇಡಿ. ಬಿಪಿ ನೋಡಿಸಿಕೊಳ್ಳಿ, ಮಗುವಿನ ಬೆಳವಣಿಗೆಯ ಸ್ಕ್ಯಾನ್ ಮಾಡಿಸಿ, ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಎಷ್ಟಿದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮಾಸು ಸೊರಗಿದ್ದರೆ ಹೆರಿಗೆಗೆ ಮುಂಚೆಯೇ ಸುಳಿವು ಸಿಗುವುದು ಬಹುತೇಕ ಬಿಪಿ ಮತ್ತು ಸ್ಕ್ಯಾನ್‌ನಿಂದಲೇ.

ಹೆರಿಗೆ ಮಾಡಿಸುವ ನನ್ನಂಥವರಿಗೂ ಒಂದು ಮಾತು. ಮಗು ಸಣ್ಣದಿದ್ದರೆ, ದಿನಕ್ಕೆ ಮುಂಚೆ ಹುಟ್ಟಿದರೆ, ಬಿಪಿ ಏರಿದ್ದರೆ ಮಾಸನ್ನು ಸುಮ್ನೆ ಬಕೆಟ್ಟಿಗೆ ಹಾಕಬೇಡಿ. ತೂಗಿ, ಪ್ಯಾಥಾಲಜಿಗೆ ಕಳಿಸಲು ಡಾಕ್ಟರಿಗೆ ನೆನಪಿಸಿ. ಜೊತೆಗಿಡುವ ಚೀಟಿಯಲ್ಲಿ 'ಎಆರ್‌ಟಿ' (ಎಚ್‌ಐವಿ ಮದ್ದುಗಳ ಚಿಕಿತ್ಸೆ) ಅಂತ ಮೂರಕ್ಷರ ಬರೆದು ಬಿಡಬೇಡಿ. ಮದ್ದಿನ ಪೂರ್ತಿ ಹೆಸರು, ಬಸುರಿಗೆ ಮುಂಚೆ ಶುರುವಾದದ್ದೋ ಎಷ್ಟನೇ ವಾರದಲ್ಲೋ, ಕೊನೆಯ ವೈರಲ್ ಲೋಡ್ ಎಷ್ಟು ಅನ್ನುವುದನ್ನು ಬರೆಯಿರಿ. ವರದಿ ಬಂದ ಮೇಲೆ ಆ ತಾಯಿಯನ್ನು ಕರೆದು ಓದಿ ಹೇಳಿ.

ಇಂತಿ,
ಹೆರಿಗೆ ವಾರ್ಡಿನ ಒಬ್ಬ ನರ್ಸ್
(ನಮ್ಮಲ್ಲಿಗೆ ಬರುವ ತಾಯಂದಿರ ಗುರುತು ಸಿಗಬಾರದೆಂದು ನನ್ನ ಹೆಸರು ಪ್ರಕಟಿಸಬೇಡಿ ಎಂದು ಕೋರುತ್ತೇನೆ)