ಫ್ಲಾರೆನ್ಸ್ ಆಲೆನ್ ಮತ್ತು ನ್ಯಾಯಾಧೀಶರ ಚುನಾವಣೆ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಹಲವು ರಾಜ್ಯಗಳಲ್ಲಿ ನ್ಯಾಯಾಧೀಶರನ್ನು ಜನರೇ ಮತ ಹಾಕಿ ಆರಿಸುತ್ತಾರೆ ಎಂಬ ಮಾತು ನಮ್ಮಲ್ಲಿ ಬಂದಾಗಲೆಲ್ಲ ಅದರೊಡನೆ ಒಂದು ಬಗೆಯ ಅಪಹಾಸ್ಯವೂ ಬರುತ್ತದೆ. ಬಹುಕಾಲ ವಿಚಾರಣಾ ನ್ಯಾಯಾಲಯಗಳಲ್ಲಿ ವಕಾಲತ್ತು ನಡೆಸಿದ ನನಗೂ ಆ ಪದ್ಧತಿಯ ಮೇಲೆ ಒಲವಿಲ್ಲ. ಆದರೆ ಒಹಾಯೊ ರಾಜ್ಯದ ಸುಪ್ರೀಂ ಕೋರ್ಟಿಗೆ 1922ರಲ್ಲಿ ಆಯ್ಕೆಯಾದ ಫ್ಲಾರೆನ್ಸ್ ಎಲಿನ್‌ವುಡ್ ಆಲೆನ್ ಅವರ ವೃತ್ತಿಜೀವನವನ್ನು ಗಮನಿಸಿದವರು ಅಷ್ಟು ಸುಲಭವಾಗಿ ನಗಲಾರರು. (ಅಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಎಂದರೆ ಸ್ಥೂಲವಾಗಿ ನಮ್ಮ ಹೈಕೋರ್ಟಿನ ಸ್ಥಾನದ್ದು.)

1884ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಹುಟ್ಟಿದ ಆಲೆನ್ ಮೊದಲು ಹೊರಟದ್ದು ಪಿಯಾನೊ ಕಲಿಯಲು. ಬರ್ಲಿನ್ನಿನಲ್ಲಿದ್ದಾಗ ನರಕ್ಕೆ ಪೆಟ್ಟಾಗಿ ಆ ದಾರಿ ಮುಚ್ಚಿತು. ಕೆಲವು ವರ್ಷ ಕ್ಲೀವ್‌ಲ್ಯಾಂಡಿನ ಪತ್ರಿಕೆಯೊಂದಕ್ಕೆ ಸಂಗೀತ ವಿಮರ್ಶೆ ಬರೆದರು. ನಂತರ ಷಿಕಾಗೊದಲ್ಲಿ ಒಂದು ವರ್ಷ ಕಾನೂನು ಓದಿ, 1913ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಮರುವರ್ಷ ಒಹಾಯೊದಲ್ಲಿ ಸನ್ನದು ಪಡೆದು ಕ್ಲೀವ್‌ಲ್ಯಾಂಡಿನಲ್ಲಿ ತಾವೇ ಕಚೇರಿ ತೆರೆದರು. ಪೂರ್ವ ಕ್ಲೀವ್‌ಲ್ಯಾಂಡ್ ನಗರವು ತನ್ನ ಸ್ಥಳೀಯ ಚುನಾವಣೆಗಳಲ್ಲಿ ಸ್ತ್ರೀಯರಿಗೆ ಮತದ ಹಕ್ಕು ಕೊಟ್ಟದ್ದು ವ್ಯಾಜ್ಯಕ್ಕೆ ಬಂದಾಗ, ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಆ ಹಕ್ಕಿನ ಪರ ವಾದಿಸಿ 1917ರಲ್ಲಿ ಗೆದ್ದರು. ಆರು ವರ್ಷ ಕಳೆಯುವಷ್ಟರಲ್ಲಿ ಅದೇ ನ್ಯಾಯಾಲಯದಲ್ಲಿ ಅವರು ಕೇಳುವ ಕಡೆ ಕುಳಿತಿದ್ದರು.

ನಡುವಿನ ಮೆಟ್ಟಿಲುಗಳೂ ಗಮನಾರ್ಹ. 1919ರಲ್ಲಿ ಅವರು ಕ್ಲೀವ್‌ಲ್ಯಾಂಡ್ ಇರುವ ಕಯಾಹೋಗ ಕೌಂಟಿಯ (ಕೌಂಟಿ ಎಂದರೆ ಸ್ಥೂಲವಾಗಿ ನಮ್ಮ ಜಿಲ್ಲೆ) ಸಹಾಯಕ ಸರ್ಕಾರಿ ವಕೀಲೆಯಾದರು. 1920ರ ಆಗಸ್ಟಿನಲ್ಲಿ ಸಂವಿಧಾನದ 19ನೇ ತಿದ್ದುಪಡಿ ಅಂಗೀಕಾರವಾಗಿ ದೇಶದ ಸ್ತ್ರೀಯರಿಗೆ ಮತದ ಹಕ್ಕು ಬಂದಾಗ ಒಹಾಯೊದಲ್ಲಿ ಪಕ್ಷಗಳ ಅಭ್ಯರ್ಥಿಗಳನ್ನು ಆರಿಸುವ ಪ್ರಾಥಮಿಕ ಚುನಾವಣೆ ಮುಗಿದೇ ಹೋಗಿತ್ತು. ಮತದ ಹಕ್ಕಿಗಾಗಿ ಹೋರಾಡಿದ್ದ ಹೆಂಗಸರು ಸಹಿ ಸಂಗ್ರಹಿಸಿ ಆಲೆನ್ ಅವರ ಹೆಸರನ್ನು ಮತಪತ್ರಕ್ಕೆ ತಂದರು. ನವೆಂಬರಿನಲ್ಲಿ ಅವರು ಗೆದ್ದು ಕೌಂಟಿಯ ಕಾಮನ್ ಪ್ಲೀಸ್ ಕೋರ್ಟಿನ, ಅಂದರೆ ವಿಚಾರಣಾ ನ್ಯಾಯಾಲಯದ, ನ್ಯಾಯಾಧೀಶೆಯಾದರು. ಹೆಂಗಸು ಬಂದಳಲ್ಲ ಎಂದು ಸಹ ನ್ಯಾಯಾಧೀಶರು ವಿಚ್ಛೇದನ ಪ್ರಕರಣಗಳನ್ನೆಲ್ಲ ಅವರಿಗೇ ಒಪ್ಪಿಸಲು ಮುಂದಾದಾಗ, ಮದುವೆಯ ಅನುಭವವಿರುವ ನೀವಿರುವಾಗ ಅವಿವಾಹಿತೆಯಾದ ನನಗೇಕೆ ಎಂಬ ಧಾಟಿಯಲ್ಲಿ ಉತ್ತರಿಸಿ ನಿರಾಕರಿಸಿದರಂತೆ. ಕೆಲಸ ಹಂಚುವ ನೆಪದಲ್ಲಿ ಕಿರಿಯರನ್ನು ಮೂಲೆಗೆ ಸರಿಸುವ ಜಾಣತನವನ್ನು ನಮ್ಮ ವಕೀಲರ ಸಂಘಗಳಲ್ಲೂ ಕಂಡವನಾದ್ದರಿಂದ ಈ ಪ್ರಸಂಗ ನನಗೆ ವಿಶೇಷವಾಗಿ ಹಿಡಿಸಿತು. ಹೀಗೆ ಎಲ್ಲ ಬಗೆಯ ಮೊಕದ್ದಮೆಗಳನ್ನೂ ನಡೆಸುವ ಹಕ್ಕು ಉಳಿಸಿಕೊಂಡದ್ದರಿಂದಲೇ 1921ರಲ್ಲಿ ಫ್ರಾಂಕ್ ಮೊಟ್ಟೊ ಎಂಬಾತನ ಕೊಲೆ ಪ್ರಕರಣ ಅವರೆದುರು ಬಂದು, ಮರಣದಂಡನೆ ವಿಧಿಸುವ ಭಾರವೂ ಅವರ ಮೇಲೆ ಬಿತ್ತು.

1922ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿಗೆ ಸ್ಪರ್ಧಿಸಿ ಗೆದ್ದರು. ಅಮೆರಿಕದ ಯಾವುದೇ ರಾಜ್ಯದ ಅತ್ಯುನ್ನತ ನ್ಯಾಯಾಲಯಕ್ಕೆ ಚುನಾಯಿತಳಾದ ಮೊದಲ ಮಹಿಳೆ ಅವರು. ಅವರು ಆ ಪೀಠವೇರಿದ 1923ರಲ್ಲೇ ನಮ್ಮಲ್ಲಿ, ಕೇವಲ ಹೆಂಗಸೆಂಬ ಕಾರಣಕ್ಕೆ ಯಾರನ್ನೂ ವಕೀಲಿ ವೃತ್ತಿಯಿಂದ ಹೊರಗಿಡಬಾರದೆಂಬ ಕಾಯಿದೆ ಬಂದಿತು ಎಂಬುದನ್ನು ನೆನೆದರೆ ಅಂತರ ತಿಳಿಯುತ್ತದೆ. 1928ರಲ್ಲಿ ಆಲೆನ್ ಮರು ಆಯ್ಕೆಯಾದರು. ಆದರೆ 1926ರಲ್ಲಿ ಸೆನೆಟ್ ಸ್ಥಾನಕ್ಕಾಗಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿತನ ಕೋರಿದಾಗಲೂ, 1932ರಲ್ಲಿ ಕೆಳಮನೆಗೆ ನಿಂತಾಗಲೂ ಸೋತರು. ರಾಜಕಾರಣಿಯಾಗಿ ಒಲ್ಲದವರನ್ನು ನ್ಯಾಯಾಧೀಶೆಯಾಗಿ ಎರಡು ಬಾರಿ ಒಪ್ಪಿದ ಒಹಾಯೊದ ಮತದಾರರಿಗೆ ಈ ಎರಡು ಕೆಲಸಗಳ ವ್ಯತ್ಯಾಸ ತಿಳಿದಿರಲಿಲ್ಲ ಎನ್ನುವುದು ಹೇಗೆ?

1934ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್, ಆಲೆನ್ ಅವರನ್ನು ಆರನೇ ಸರ್ಕಿಟ್‌ನ (ಒಹಾಯೊ ಸೇರಿದಂತೆ ಕೆಲವು ರಾಜ್ಯಗಳ ವ್ಯಾಪ್ತಿಯ) ಕೇಂದ್ರ ಮೇಲ್ಮನವಿ ನ್ಯಾಯಾಲಯಕ್ಕೆ ನೇಮಿಸಿದರು. ಆ ಸುದ್ದಿ ಕೇಳಿ ಅಲ್ಲಿನ ನ್ಯಾಯಾಧೀಶರೊಬ್ಬರು ಎರಡು ದಿನ ಹಾಸಿಗೆ ಹಿಡಿದರಂತೆ. 1938ರಲ್ಲಿ, ಅಣೆಕಟ್ಟು ಕಟ್ಟಿ ವಿದ್ಯುತ್ ಮಾರುವ ಸರ್ಕಾರಿ ಸಂಸ್ಥೆಯಾದ ಟೆನೆಸ್ಸೀ ಕಣಿವೆ ಪ್ರಾಧಿಕಾರದ ವಿರುದ್ಧ 18 ಖಾಸಗಿ ವಿದ್ಯುತ್ ಕಂಪನಿಗಳು ಹೂಡಿದ್ದ ದಾವೆಯನ್ನು ತಿರಸ್ಕರಿಸಿದ ಮೂವರು ನ್ಯಾಯಾಧೀಶರ ಪೀಠದ ನೇತೃತ್ವ ಅವರದೇ ಆಗಿತ್ತು. ನಮ್ಮ ದಾಮೋದರ ಕಣಿವೆ ನಿಗಮಕ್ಕೆ ಮಾದರಿಯಾದದ್ದು ಇದೇ ಪ್ರಾಧಿಕಾರ. 1958ರಲ್ಲಿ ಆ ಸರ್ಕಿಟ್‌ನ ಮುಖ್ಯ ನ್ಯಾಯಾಧೀಶೆಯಾಗಿ, ಮರುವರ್ಷ ನಿವೃತ್ತಿ ಪಡೆದು, 1966ರಲ್ಲಿ ತೀರಿಕೊಂಡರು. ದೇಶದ ಸುಪ್ರೀಂ ಕೋರ್ಟಿಗೆ ಅವರ ಹೆಸರು ಮತ್ತೆ ಮತ್ತೆ ಕೇಳಿಬಂದರೂ ಯಾವ ಅಧ್ಯಕ್ಷರೂ ಆ ನೇಮಕ ಮಾಡಲಿಲ್ಲ.

ನನ್ನ ಗಮನವಿರುವುದು ಇಲ್ಲಿಯೇ. ಅಧ್ಯಕ್ಷರು ಮೇಲ್ಮನವಿ ನ್ಯಾಯಾಲಯಕ್ಕೆ ಕರೆದದ್ದು, ಅವರು ಜನರ ಮತದಿಂದ ಪೀಠವೇರಿ ಹನ್ನೊಂದು ವರ್ಷ ರಾಜ್ಯದ ಅತ್ಯುನ್ನತ ನ್ಯಾಯಾಲಯದಲ್ಲಿ ಕೆಲಸ ಮಾಡಿ ತೋರಿಸಿದ ಮೇಲೆ. 1920ರಲ್ಲಿ ಅವರ ಹೆಸರನ್ನು ಯಾವುದಾದರೂ ಆಯ್ಕೆ ಸಮಿತಿಯ ಮುಂದಿಟ್ಟಿದ್ದರೆ ಅದು ಮೇಜು ದಾಟುತ್ತಿತ್ತೆಂದು ನನಗನಿಸುವುದಿಲ್ಲ. ಚುನಾವಣೆಯ ಕೇಡು ಸಣ್ಣದೆಂದು ಇದರರ್ಥವಲ್ಲ. ವೆಸ್ಟ್ ವರ್ಜೀನಿಯಾದಲ್ಲಿ ಕಲ್ಲಿದ್ದಲು ಕಂಪನಿಯ ಮುಖ್ಯಸ್ಥನೊಬ್ಬ ಸುಮಾರು 30 ಲಕ್ಷ ಡಾಲರ್ ಸುರಿದು ನ್ಯಾಯಾಧೀಶರೊಬ್ಬರ ಗೆಲುವಿಗೆ ನೆರವಾದ ಮೇಲೆ, ಅದೇ ನ್ಯಾಯಾಧೀಶರು ಆ ಕಂಪನಿಯ ಮೊಕದ್ದಮೆಯನ್ನು ಕೇಳಿದರು. ಅದು ಸಲ್ಲದೆಂದು 2009ರಲ್ಲಿ ದೇಶದ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಇಂಥದ್ದು ನಮಗೆ ಬೇಡ. ಆದರೆ ನೇಮಕದ ಕೋಣೆಯ ಬಾಗಿಲು ತನ್ನಷ್ಟಕ್ಕೆ ಎಲ್ಲರಿಗೂ ತೆರೆದುಕೊಂಡಿರುತ್ತದೆ ಎಂದುಕೊಂಡು ಚುನಾವಣೆಯ ಪದ್ಧತಿಯನ್ನು ಕಂಡು ನಗುವುದೂ ಬೇಡ. 1981ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ನೇಮಕಗೊಂಡ ಮೊದಲ ಮಹಿಳೆ ಸಾಂಡ್ರಾ ಡೇ ಓ'ಕಾನರ್ ಅವರೂ ನ್ಯಾಯಪೀಠವನ್ನು ಮೊದಲು ಏರಿದ್ದು, 1974ರಲ್ಲಿ ಅರಿಜೋನಾದ ಮಾರಿಕೋಪ ಕೌಂಟಿಯ ಮತದಾರರು ಆರಿಸಿದ್ದರಿಂದ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಕೀಲ, ಶಿವಮೊಗ್ಗ